ಎಂಟು ನಿಮಿಷಕ್ಕೆ ನೂರು ಲೆಕ್ಕ

ಹಾಸನದ ನಮ್ಮ ಅಣ್ಣನ ಮನೆಯಲ್ಲಿ ಮೂರು ತಿಂಗಳಿಂದ ಟಿ.ವಿ. ಹಾಕಿಲ್ಲ. ಕುಕ್ಕರ್ ಕೂಗಿಸುವುದಕ್ಕೂ ಹೊತ್ತು ನೋಡುತ್ತಾರೆ. ಮೊನ್ನೆ ಹೋದಾಗ ಅತ್ತಿಗೆ ಕಾಫಿ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಯಾರಿಗೋ ಹುಷಾರಿಲ್ಲವೇನೋ ಎಂದು ಗಾಬರಿಯಿಂದ ಕೇಳಿದೆ. ಅತ್ತಿಗೆ ಒಳಕೋಣೆಯ ಕಡೆ ಕಣ್ಣು ತಿರುಗಿಸಿ, "ಪುಟ್ಟಿ ಕೂಡುತ್ತಿದ್ದಾಳೆ" ಎಂದು ಪಿಸುಗುಟ್ಟಿದರು.

ಬಾಗಿಲ ಸಂದಿಯಿಂದ ಇಣುಕಿದೆ. ನಾಲ್ಕನೇ ತರಗತಿಯ ಪುಟ್ಟಿ ಕಣ್ಣು ಅರೆಮುಚ್ಚಿ ಕುಳಿತಿದ್ದಳು. ಕನಕಾಂಬರ ಕಟ್ಟುವವರ ಬೆರಳಿನ ಹಾಗೆ ಅವಳ ಬೆರಳು ಗಾಳಿಯಲ್ಲಿ ಆಡುತ್ತಿತ್ತು, ಹೂವೂ ಇಲ್ಲ, ದಾರವೂ ಇಲ್ಲ. ಅಲ್ಲಿ ಕಾಣದ ಅಬಾಕಸ್ ಇದೆಯಂತೆ, ಅದರ ಕಾಣದ ಮಣಿಗಳನ್ನು ಅವಳು ಸರಿಸುತ್ತಿದ್ದಾಳಂತೆ. 47 ಕೂಡು 38, ಕಳೆ 19, ಕೂಡು 64, ಕಳೆ 25. "105" ಎಂದು ಬರೆದು ಮುಂದಿನದಕ್ಕೆ ಹೋದಳು. ನಾನಿನ್ನೂ 85ರಲ್ಲಿದ್ದೆ. ಪಕ್ಕದಲ್ಲಿ ಮೊಬೈಲಿನ ಟೈಮರ್ ಓಡುತ್ತಿತ್ತು. ಎಂಟು ನಿಮಿಷಕ್ಕೆ ನೂರು ಲೆಕ್ಕ. ಒಂದು ಲೆಕ್ಕಕ್ಕೆ 4.8 ಸೆಕೆಂಡು. ಅಷ್ಟು ಹೊತ್ತಿನಲ್ಲಿ ನನಗೆ ಸರಿಯಾಗಿ ಒಂದು ಸೀನು ಬರುವುದಿಲ್ಲ.

ಇದೆಲ್ಲ ಜಿಲ್ಲಾ ಮಟ್ಟದ ಮನೋಗಣಿತ ಸ್ಪರ್ಧೆಯ ತಯಾರಿ. ಸ್ಪರ್ಧೆ ನಡೆಸುವವರು ಪುಟ್ಟಿಗೆ ಪಾಠ ಹೇಳುವ ಕೇಂದ್ರದವರೇ. ಅಭ್ಯಾಸದ ಪುಸ್ತಕ ಮಾರುವವರೂ ಅವರೇ, ಪ್ರಶ್ನೆಪತ್ರಿಕೆ ತೆಗೆಯುವವರೂ ಅವರೇ, ತೀರ್ಪು ಕೊಡುವವರೂ ಅವರೇ. ಅಡುಗೆ ಮಾಡಿದವನೇ ಬಡಿಸಿ, ಆಮೇಲೆ ಎಲೆಯ ಮುಂದೆ ತಾನೇ ಕುಳಿತು ಜೋರಾಗಿ ತೇಗಿದ ಹಾಗೆ.

ತಯಾರಿಗೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ಐದೂವರೆಗೆ ಒಂದು ಹಾಳೆ, ಶಾಲೆಯಿಂದ ಬಂದ ಮೇಲೆ ಮೂರು. ರಾತ್ರಿ ಊಟಕ್ಕೆ ಕುಳಿತರೆ ಒಂದು ತುತ್ತಿಗೆ ಒಂದು ಲೆಕ್ಕ. ಉತ್ತರ ಬಾಯಿಂದ ಹೊರಗೆ ಬಂದ ಮೇಲೆಯೇ ಮುದ್ದೆ ಒಳಗೆ ಹೋಗುವುದು. ಸ್ಕೂಟರಿನಲ್ಲಿ ಎನ್.ಆರ್. ವೃತ್ತದ ಸಿಗ್ನಲ್ಲಿಗೆ ಬಂದರೆ ಮುಂದಿನ ಗಾಡಿಗಳ ನಂಬರ್‌ಗಳನ್ನು ಕೂಡಬೇಕು. 'ಕೆಎ 13' ಹಾಸನದ ಎಲ್ಲ ಗಾಡಿಯ ಮೇಲೂ ಇರುವುದರಿಂದ ಆ 13 ಲೆಕ್ಕಕ್ಕಿಲ್ಲ ಎಂದು ಮಿಸ್ ಮೊದಲೇ ಹೇಳಿದ್ದಾರಂತೆ. ಈ ಒಂದು ನಿಯಮ ನನಗೆ ಹಿಡಿಸಿತು. ಯಾವುದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದನ್ನು ಎಳೆಯ ವಯಸ್ಸಿನಲ್ಲೇ ಕಲಿತವರು ಮುಂದೆ ಬಹಳ ಎತ್ತರಕ್ಕೆ ಹೋಗುತ್ತಾರೆ.

ನಡುವೆ ಒಂದು ಭಾನುವಾರ ಪುಟ್ಟಿಯನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಊರಿನಲ್ಲಿ ನಮ್ಮ ಅವ್ವ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಅವಳು ಓದಿದ್ದು ಮೂರನೇ ಕ್ಲಾಸಿನವರೆಗೆ. ಆವತ್ತು ಬಟವಾಡೆ ಬಂದಿತ್ತು. ಜಗಲಿಯ ಮೇಲೆ ಕಾಲು ಚಾಚಿ, ಡೇರಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ತೆಂಗಿನಗರಿಯಿಂದ ಕಡ್ಡಿ ಸೀಳುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದಳು: "ದಿನಕ್ಕೆ ಆರೂವರೆ ಲೀಟರ್, ಹದಿನೈದು ದಿನ. ತೊಂಬತ್ತೇಳೂವರೆ. ಲೀಟರಿಗೆ ಮೂವತ್ತನಾಲ್ಕು. ನೂರು ಲೀಟರ್ ಎಂದೇ ಇಟ್ಟುಕೊ, ಮೂರು ಸಾವಿರದ ನಾನೂರು. ಹಾಕದೇ ಇದ್ದ ಎರಡೂವರೆ ಲೀಟರಿನ ದುಡ್ಡು ಎಂಬತ್ತೈದು, ತೆಗೆ. ಮೂರು ಸಾವಿರದ ಮುನ್ನೂರ ಹದಿನೈದು." ಸೀಳಿದ ಕಡ್ಡಿ ಒಂದೂ ಮುರಿದಿರಲಿಲ್ಲ.

ನಾನು ಪುಟ್ಟಿಯ ಕಡೆ ತಿರುಗಿ, "ಅಜ್ಜಿಯ ಲೆಕ್ಕ ಸರಿಯೇ ನೋಡು" ಎಂದೆ. ಪುಟ್ಟಿ ಬೆರಳು ಎತ್ತಿದಳು, ಇಳಿಸಿದಳು. "ಆಗುವುದಿಲ್ಲ ಚಿಕ್ಕಪ್ಪ. ನಾನು ಎರಡನೇ ಲೆವೆಲ್. ಅರ್ಧ ಬರುವುದು ನಾಲ್ಕನೇ ಲೆವೆಲ್‌ನಲ್ಲಿ."

ಅವ್ವನಿಗೆ ಲೆವೆಲ್ ಎಂದರೆ ಏನೆಂದು ವಿವರಿಸಲು ಹೋಗಿ ಸೋತೆ. ಅರೆ, ಕಾಲು, ಮುಕ್ಕಾಲುಗಳ ಮಗ್ಗಿಯನ್ನು ನಮ್ಮ ತಾತ ಅವಳಿಗೆ ಕಣದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದರಂತೆ. ಅದಕ್ಕೆ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಪುಟ್ಟಿಗೆ ಅಜ್ಜಿಯ ಬಗ್ಗೆ ಕನಿಕರ ಮೂಡಿತು. "ಅಜ್ಜಿ, ನಿನ್ನ ಸ್ಪೀಡ್ ಚೆನ್ನಾಗಿದೆ, ಆದರೆ ನೀನು ಬಾಯಿ ಅಲ್ಲಾಡಿಸುತ್ತೀಯ. ಅದಕ್ಕೆ ಮಾರ್ಕ್ಸ್ ಕಳೆಯುತ್ತಾರೆ" ಎಂದಳು. ಬಾಯಿ ಅಲ್ಲಾಡಿಸದೆ ಮಾಡಿದರೆ ಡೇರಿಯ ಸೆಕ್ರೆಟರಿಗೆ ಕೇಳಿಸುವುದು ಹೇಗೆ ಎಂದು ಅವ್ವ ಕೇಳಿದಳು. ಆ ಪ್ರಶ್ನೆಗೆ ಆಗ ಯಾರೂ ಬೆಲೆ ಕೊಡಲಿಲ್ಲ.

ಹಾಸನಕ್ಕೆ ವಾಪಸು ಬಂದ ಮೇಲೆ ನನ್ನ ಪಾಲಿನ ಉಪಕಾರವೂ ಇರಲಿ ಎಂದು ಒಂದು ಲೆಕ್ಕ ಕೊಟ್ಟೆ. ಹಳೆಯ ಪಠ್ಯದಲ್ಲಿ ತೊಟ್ಟಿಗೆ ಎರಡು ನಲ್ಲಿ ಬಿಟ್ಟು, ತಳದಲ್ಲಿ ಒಂದು ತೂತು ಕೊರೆದು ನಮ್ಮನ್ನು ಗೋಳುಹೊಯ್ದುಕೊಳ್ಳುತ್ತಿದ್ದರಲ್ಲ, ಆ ಜಾತಿಯದು. ಆದರೆ ತೊಟ್ಟಿ ಮಾತ್ರ ನಮ್ಮದೇ, ಗೊರೂರಿನ ಹೇಮಾವತಿ ಜಲಾಶಯ. ತುಂಬಿದರೆ 37.10 ಟಿಎಂಸಿ ಅಡಿ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಮಳೆಗಾಲದಲ್ಲಿ ಪತ್ರಿಕೆಯವರು ದಿನವೂ ಅಚ್ಚು ಹಾಕುತ್ತಾರೆ. ಹನ್ನೊಂದೂವರೆ ಸಾವಿರ ಕ್ಯುಸೆಕ್‌ಗಿಂತ ತುಸು ಹೆಚ್ಚು ನೀರು ಒಂದು ದಿನ ಪೂರ್ತಿ ಹರಿದು ಬಂದರೆ ಒಂದು ಟಿಎಂಸಿ. "ಈಗ 25.10 ಇದೆ ಎಂದುಕೊ. ದಿನಕ್ಕೆ ಒಂದು ಟಿಎಂಸಿ ಉಳಿಯುತ್ತದೆ. ಎಷ್ಟು ದಿನಕ್ಕೆ ತುಂಬುತ್ತದೆ?" ಪುಟ್ಟಿ ಕಣ್ಣರಳಿಸಿದಳು. ನೀರಿನ ಬಣ್ಣ ಹೇಗಿರುತ್ತದೆ, ಗೇಟು ಎಷ್ಟಿವೆ, ತುಂಬಿದರೆ ಬಾಗಿನ ಬಿಡಲು ಯಾರು ಬರುತ್ತಾರೆ ಎಂದೆಲ್ಲ ಕೇಳಿದಳು. ನಾವಿಬ್ಬರೂ ಹನ್ನೆರಡು ದಿನಕ್ಕೆ ಬಂದು ಮುಟ್ಟುವಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. "ಒಂದು ಲೆಕ್ಕಕ್ಕೆ ಇಪ್ಪತ್ತನಾಲ್ಕು ನಿಮಿಷ ತೆಗೆದುಕೊಂಡಿದ್ದೀರಿ. ಅಷ್ಟರಲ್ಲಿ ಅವಳು ಮುನ್ನೂರು ಲೆಕ್ಕ ಮಾಡುತ್ತಿದ್ದಳು" ಎಂದ. ಗುಣಾಕಾರ ಸರಿಯಾಗಿಯೇ ಇತ್ತು. ಅಂದಿನಿಂದ ಆ ಕೋಣೆಗೆ ನನಗೆ ಪ್ರವೇಶವಿಲ್ಲ.

ಹೊಯ್ಸಳರ ಕಾಲದ ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ. ಪುಸ್ತಕಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ಗಣಿತಕ್ಕೂ ಕೊಡುಕೊಳ್ಳುವುದಕ್ಕೂ ನಂಟಿದೆ ಎಂದು ನಂಬಿದ್ದ ಪುಣ್ಯಾತ್ಮ. ಇವತ್ತು ಬಂದಿದ್ದರೆ ಅವನನ್ನು ಒಂದನೇ ಲೆವೆಲ್‌ಗೆ ಹಾಕುತ್ತಿದ್ದರು.

ಸ್ಪರ್ಧೆಯ ದಿನ ಬಿ.ಎಂ. ರಸ್ತೆಯ ಕಡೆಯ ಒಂದು ಕಲ್ಯಾಣಮಂಟಪಕ್ಕೆ ಎಂಟೂವರೆಗೇ ಬರಹೇಳಿದ್ದರು. ಹೆಬ್ಬಾಗಿಲಲ್ಲಿ ಫ್ಲೆಕ್ಸ್. ಅತಿಥಿಗಳ ಮುಖ ಹೊಲಿಗೆಯಂತ್ರದ ಗಾತ್ರ, ಮಕ್ಕಳ ಮುಖ ಗುಂಡಿಯ ಗಾತ್ರ. ಪ್ರತಿ ಮಗುವಿನ ಎದೆಗೂ ಒಂದೊಂದು ಸಂಖ್ಯೆ ಚುಚ್ಚಿದರು. ಪುಟ್ಟಿಗೆ 417. ಅವ್ವನ ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆ. ಆ ಲೆಕ್ಕಕ್ಕೆ ಹಸುವೇ ಮೇಲಿನ ಲೆವೆಲ್.

ಒಂಬತ್ತಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬಂದರು. 190 ನಿಮಿಷ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಡಿದಾಡುವ ಸ್ಪರ್ಧೆಯಲ್ಲಿ ಈ 190ನ್ನು ಯಾರೂ ಬರೆದುಕೊಳ್ಳಲಿಲ್ಲ. ಕೆಎ 13ರ ನಿಯಮ. ಮಕ್ಕಳು ಮೊದಲು ನೀರು ಕೇಳಿದರು, ಆಮೇಲೆ ಶೌಚಾಲಯ ಕೇಳಿದರು, ಆಮೇಲೆ ಮನೆಗೆ ಹೋಗೋಣ ಎಂದು ಕೇಳಿದರು.

ಅತಿಥಿಗಳು ಜಗತ್ತಿಗೆ ಸೊನ್ನೆ ಕೊಟ್ಟವರು ನಾವೇ ಎಂದು ಶುರು ಮಾಡಿದರು. ಗಣಿತದಲ್ಲಿ ಭಾರತ ವಿಶ್ವಕ್ಕೇ ಗುರು ಎಂದರು. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆ ನನಗೆ ಅದೇಕೋ ನೆನಪಾಯಿತು. 2024ರಲ್ಲಿ ದೇಶದ ಐದನೇ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ 30.7 ಮಂದಿಗೆ. ಅಲ್ಲಿ ಟೈಮರ್ ಇರುವುದಿಲ್ಲ. ಹಳ್ಳಿಯ ಸರ್ಕಾರಿ ಶಾಲೆಗಳ ನಾಲ್ಕರಿಂದ ಆರನೇ ತರಗತಿಯವರಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳು ನಡೆಯುತ್ತವೆ. ಅವುಗಳಿಗೂ ಅದರದೇ ಆದ ಗೋಳುಗಳಿರಬಹುದು, ಆದರೆ ಅಲ್ಲಿ ಸೋಲುವವರಾದರೂ ಇರುತ್ತಾರೆ. ಇಲ್ಲಿ ಆ ಸೌಲಭ್ಯವೂ ಇರಲಿಲ್ಲ, ಮುಂದೆ ಹೇಳುತ್ತೇನೆ.

ನಿರೂಪಕಿ ಮೈಕ್ ಹಿಡಿದು, "ಆರುನೂರ ನಲವತ್ತು ಮಕ್ಕಳು! ಜಿಲ್ಲೆಯ ಇತಿಹಾಸದಲ್ಲೇ ದಾಖಲೆ!" ಎಂದರು. ಚಪ್ಪಾಳೆ. ಶಿಳ್ಳೆ ಊದಿದರು. 640 ಪೆನ್ಸಿಲ್‌ಗಳು ಒಟ್ಟಿಗೆ ಓಡತೊಡಗಿದವು, ತಗಡಿನ ಮಾಡಿನ ಮೇಲೆ ಮಳೆ ಬಿದ್ದಂತೆ. ಹಗ್ಗದ ಆಚೆ ನಿಂತ ಅಪ್ಪಂದಿರು ಉಸಿರು ಕಟ್ಟಿದ್ದರು. ಒಬ್ಬ ತಾಯಿ ತನ್ನ ಬೆರಳನ್ನೂ ಗಾಳಿಯಲ್ಲಿ ಆಡಿಸುತ್ತಿದ್ದರು. ಎಂಟು ನಿಮಿಷ. ಮುಗಿಯಿತು. ಮೂರು ತಿಂಗಳ ಟಿ.ವಿ., ಕುಕ್ಕರ್, ಮುದ್ದೆ ಎಲ್ಲವೂ ಮುಗಿಯಿತು.

ಎಡವಟ್ಟಾದದ್ದು ಊಟದ ಸಾಲಿನಲ್ಲಿ. ಪಲಾವಿನ ತಟ್ಟೆ ಹಿಡಿದಿದ್ದ ಪುಟ್ಟಿ ಎಡಗೈಯ ಬೆರಳನ್ನು ಗಾಳಿಯಲ್ಲಿ ಆಡಿಸಲಿಲ್ಲ, ತೊಡೆಯ ಮೇಲೆ ತಟ್ಟಿಕೊಂಡಳು. ಒಂಬತ್ತರ ಮಗ್ಗಿ, ಅಜ್ಜಿ ಹೇಳಿಕೊಟ್ಟದ್ದು. ಮಿಸ್ ಎದುರಿಗೆ ಬಂದಾಗ ಗಟ್ಟಿಯಾಗಿ ಹೇಳಿದಳು:

"ಮಿಸ್, ಐದು ಲಕ್ಷದ ಎಪ್ಪತ್ತಾರು ಸಾವಿರ."

"ವೆರಿ ಗುಡ್! ಯಾವ ಹಾಳೆಯ ಲೆಕ್ಕ?"

"ಹಾಳೆಯದಲ್ಲ ಮಿಸ್, ನಮ್ಮ ಫೀಸಿನದು. ಒಬ್ಬರಿಗೆ ಒಂಬೈನೂರು, ಆರುನೂರ ನಲವತ್ತು ಜನ."

ಸಾಲಿನಲ್ಲಿ ಹಿಂದೆ ಮುಂದೆ ಇದ್ದ ಐದಾರು ಜನ ಅಪ್ಪಂದಿರ ಸೌಟು ಪಲಾವಿನಲ್ಲೇ ನಿಂತಿತು. ಅವರವರ ತುಟಿ ಅಲ್ಲಾಡಿತು. ಮಾರ್ಕ್ಸ್ ಹೋದರೆ ಹೋಗಲಿ ಎಂದು ಬಾಯಿಬಿಟ್ಟೇ ಗುಣಿಸಿ ನೋಡುತ್ತಿದ್ದರು. ಮಿಸ್ ಪುಟ್ಟಿಯ ಕೆನ್ನೆ ಸವರಿ, "ಇದು ನಿನ್ನ ಲೆವೆಲ್‌ನದಲ್ಲ ಪುಟ್ಟಾ" ಎಂದು ನಕ್ಕು, ಮೊಸರನ್ನದ ಕಡೆ ನಡೆದರು. ಅತ್ತಿಗೆ ಪುಟ್ಟಿಯ ತೋಳು ಚಿವುಟಿದರು. ಅಣ್ಣ ಕಿವಿಯವರೆಗೆ ಕೆಂಪಾಗಿ, "ದೊಡ್ಡವರನ್ನು ಹಾಗೆಲ್ಲ ಲೆಕ್ಕ ಕೇಳುತ್ತಾರೇನೇ?" ಎಂದು ಗದರಿದ.

ಪಾಪ, ಪುಟ್ಟಿಗೆ ಗೊಂದಲ. ಮೂರು ತಿಂಗಳು ಲೆಕ್ಕ ಮಾಡು ಲೆಕ್ಕ ಮಾಡು ಎಂದವರು ಇವರೇ. ಲೆಕ್ಕ ಮಾಡುವುದು ಬೇರೆ, ಲೆಕ್ಕ ಕೇಳುವುದು ಬೇರೆ, ಮೊದಲನೆಯದಕ್ಕೆ ಬಹುಮಾನದ ಕಪ್ಪು, ಎರಡನೆಯದಕ್ಕೆ ಚಿವುಟು ಎಂದು ಯಾವ ಅಭ್ಯಾಸದ ಹಾಳೆಯಲ್ಲೂ ಇರಲಿಲ್ಲ. ನಮ್ಮ ಅವ್ವ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಾಳೆ. ಬಟವಾಡೆಯಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ಪುಸ್ತಕವನ್ನು ಸೆರಗಿಗೆ ಸಿಕ್ಕಿಸಿಕೊಂಡು ಡೇರಿಯ ಬಾಗಿಲಿಗೆ ಹೋಗಿ ಬಾಯಿ ಅಲ್ಲಾಡಿಸುತ್ತಾಳೆ. ಅದಕ್ಕೇ ಅವಳು ಯಾವ ಲೆವೆಲ್‌ಗೂ ಬರಲಿಲ್ಲ.

ಬಹುಮಾನ ವಿತರಣೆ ಮೂರೂವರೆ ಗಂಟೆ ನಡೆಯಿತು. ಏಕೆಂದರೆ 640 ಮಕ್ಕಳು, 640 ಕಪ್ಪುಗಳು, ತಲಾ 20 ಸೆಕೆಂಡು. 46 ಮಂದಿ ಚಾಂಪಿಯನ್ನರು, 180 ಮಂದಿ ಪ್ರಥಮ, 210 ಮಂದಿ ದ್ವಿತೀಯ, 204 ಮಂದಿ ತೃತೀಯ. ಕೂಡಿ ನೋಡಿದೆ, ಒಬ್ಬರೂ ಉಳಿಯಲಿಲ್ಲ. ಸೊನ್ನೆ ಕೊಟ್ಟ ದೇಶದಲ್ಲಿ ಒಬ್ಬರಿಗೂ ಸೊನ್ನೆ ಸಿಗಲಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗ ಜ್ವರದಿಂದ ಮನೆಯಲ್ಲೇ ಮಲಗಿದ್ದ. ಅವನಿಗೆ ತೃತೀಯ ಬಂತು. ಅವನ ಅಪ್ಪ ವೇದಿಕೆಗೆ ಹೋಗಿ ಕಪ್ಪು ತೆಗೆದುಕೊಂಡರು, ಫೋಟೋ ಹೊಡೆಸಿಕೊಂಡರು. ಕೂತವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಂದೂ ತಪ್ಪು ಉತ್ತರ ಬರೆಯದವನು ಅಲ್ಲಿ ಅವನೊಬ್ಬನೇ ಇರಬೇಕು.

ಪುಟ್ಟಿಗೆ ದ್ವಿತೀಯ. ಕಪ್ಪು ಅವಳ ಸೊಂಟದವರೆಗೆ ಬರುತ್ತದೆ. ಮರುದಿನ ಅದನ್ನು ಹೊತ್ತುಕೊಂಡು ಊರಿಗೆ ಹೋದೆವು. ಅವ್ವ ಕಪ್ಪನ್ನು ಎತ್ತಿ ತೂಗಿ ನೋಡಿದಳು, ಬೆರಳಿನಿಂದ ಬಡಿದಳು. ಪ್ಲಾಸ್ಟಿಕ್ಕು.

"ಎಷ್ಟನೆಯವಳು ಮಗಾ ನೀನು?"

"ಎರಡನೆಯವಳು ಅಜ್ಜಿ."

"ಹಂಗಾದರೆ ನಿನಗಿಂತ ಮುಂದೆ ಒಬ್ಬರೇ."

ಪುಟ್ಟಿ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. ತೋಳನ್ನು ಒಮ್ಮೆ ಸವರಿಕೊಂಡಳು. "ಇನ್ನೂರ ಇಪ್ಪತ್ತಾರು ಜನ ಅಜ್ಜಿ" ಎಂದು ಮೆಲ್ಲಗೆ ಹೇಳಿದಳು.

ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಸ್ಪರ್ಧೆ ಇದೆ. ಫೀಸು 1,800, ಬಸ್ಸಿನ ಖರ್ಚು ಬೇರೆ. ಅಣ್ಣ ಆಗಲೇ ಕಟ್ಟಿದ್ದಾನೆ. ಜಿಲ್ಲೆಯಿಂದ ಎಷ್ಟು ಮಕ್ಕಳು ಆಯ್ಕೆಯಾಗಿದ್ದಾರೆ ಎಂದು ಕೇಳಿದೆ. ಕುಕ್ಕರ್ ಕೂಗೀತೆಂದು ಅಡುಗೆಮನೆಯ ಕಡೆ ಕಣ್ಣಿಟ್ಟುಕೊಂಡೇ, "ಆರುನೂರ ನಲವತ್ತು" ಎಂದ. ಆ ಜ್ವರದ ಹುಡುಗ ಈಗ ಎದ್ದು ಓಡಾಡುತ್ತಿದ್ದಾನಂತೆ.