ಹಲೋ ಚೆಕ್

ಐದೂವರೆಗೆ ಶುರು ಅಂತ ಮೆಸೇಜ್ ಬಂದಿತ್ತು. ನಾನು ಐದೂಕಾಲಿಗೇ ಹೋಗಿ ಕುಳಿತೆ. ಏಳು ಗಂಟೆಯಾದರೂ ವೇದಿಕೆಯಲ್ಲಿ ಒಬ್ಬ ಹುಡುಗ ಮೈಕಿಗೆ ಬಾಯಿಟ್ಟು "ಹಲೋ ಚೆಕ್, ಚೆಕ್" ಅನ್ನುತ್ತಲೇ ಇದ್ದ. ಮೈಕ್ ಸರಿ ಉಂಟು ಮಾರಾಯ, ಮೊದಲನೇ ಚೆಕ್ಕೇ ನಂತೂರಿನವರೆಗೆ ಕೇಳಿಸಿರಬೇಕು.

ನನ್ನನ್ನು ಕರೆದದ್ದು ತಂಗಿಯ ಮಗಳು. ಮಂಗಳೂರಿನ ಹೊಸ ಬ್ಯಾಂಡ್‌ಗಳಿಗೆಲ್ಲ ಒಂದು ವೇದಿಕೆ, ಎಲ್ಲವನ್ನೂ ನಾವು ಸ್ಟೂಡೆಂಟ್ಸೇ ಮಾಡುವುದು, ಬರ್ಲೇಬೇಕು ಮಾಮ, ಅಂದಳು. ಹೊರಡುವಾಗ ಅಮ್ಮ ಎಲ್ಲಿಗೆ ಅಂತ ಕೇಳಿದರು. ಬ್ಯಾಂಡ್ ಕೇಳಲಿಕ್ಕೆ ಅಂದೆ. "ಯಾರ ಮದುವೆ?" ಅಂದರು. ಅವರ ತಪ್ಪಲ್ಲ. ನಮ್ಮಲ್ಲಿ ಬ್ಯಾಂಡ್ ಅಂದರೆ ಒಂದೋ ಕ್ರಿಶ್ಚಿಯನ್ನರ ಮದುವೆಯ ಹಿತ್ತಾಳೆ ಬ್ಯಾಂಡು, ಇಲ್ಲ ಮೆರವಣಿಗೆಯ ನಾಸಿಕ್ ಬ್ಯಾಂಡು.

ಅಂತೂ ಏಳೂಕಾಲಿಗೆ ಶುರುವಾಯಿತು. ನಿರೂಪಕ ಹುಡುಗ ಬಂದವನೇ "ಮೇಕ್ ಸಮ್ ನಾಯ್ಸ್ ಮಂಗಳೂರು" ಅಂತ ಕಿರುಚಿದ. ಸಾಲದು, ಇನ್ನೂ ಜೋರು, ಇನ್ನೂ ಜೋರು. 31 ವರ್ಷ ಹೈಸ್ಕೂಲಿನಲ್ಲಿ ಗಲಾಟೆ ಮಾಡಬೇಡಿ ಅಂತ ಹೇಳಿಯೇ ಸಂಬಳ ತೆಗೆದುಕೊಂಡವನು ನಾನು. ಕೈ ಕಟ್ಟಿ ಕುಳಿತೆ. ನನಗೆ ಇದು ನಿಜಕ್ಕೂ ಆಗುವುದಿಲ್ಲ. ಹಾಡು ಚೆನ್ನಾಗಿದ್ದರೆ ಚಪ್ಪಾಳೆ ತಾನಾಗಿ ಬರುತ್ತದೆ, ಅದನ್ನು ಮುಂಚಿತವಾಗಿ ವಸೂಲಿ ಮಾಡುವುದು ಎಂತ ಕ್ರಮ?

ಮೂರನೆಯದೋ ನಾಲ್ಕನೆಯದೋ ಬ್ಯಾಂಡಿನಲ್ಲಿ ಒಬ್ಬ ಸಣಕಲು ಹುಡುಗ ಸ್ಯಾಕ್ಸೋಫೋನ್ ತೆಗೆದ. ಊದಿದ. ನನಗೆ ತಕ್ಷಣ ಹಸಿವಾಯಿತು.

ಇದು ನನ್ನೊಬ್ಬನ ಕಾಯಿಲೆಯಲ್ಲ, ಘಟ್ಟದ ಕೆಳಗಿನ ಯಾರನ್ನು ಬೇಕಾದರೂ ಕೇಳಿ. ಬೇರೆ ಊರಿನವರಿಗೆ ಸ್ಯಾಕ್ಸೋಫೋನ್ ಅಂದರೆ ಜಾಝ್, ಮಂದ ಬೆಳಕು, ಕೈಯಲ್ಲಿ ಗ್ಲಾಸು. ನಮಗೆ ಅದು ದೇವಸ್ಥಾನದ ಉತ್ಸವ, ಮದುವೆ, ಬಾಳೆಎಲೆ. ಸಜೀಪಮೂಡದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಹೆಚ್ಚುಕಡಿಮೆ 20 ವರ್ಷ ಹೆಣಗಿ ಅದಕ್ಕೆ ಕರ್ನಾಟಕ ಸಂಗೀತದ ಗಮಕ, ಅಂದರೆ ಸ್ವರದ ಬಾಗು ಬಳುಕು, ಕಲಿಸಿದ. ಅವರೇ ಕದ್ರಿ ಗೋಪಾಲನಾಥರು. ಆಮೇಲೆ ನಮ್ಮ ಕಡೆಯ ಮದುವೆಗಳಲ್ಲಿ ನಾಗಸ್ವರದ ಜಾಗಕ್ಕೆ ಇದೇ ಬಂದು ಕುಳಿತಿತು.

1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯವರ ಸಂಗೀತ ಕಛೇರಿಯಲ್ಲಿ ನುಡಿಸಿದರು. ಅದೇ ವರ್ಷ ನನ್ನ ತಂಗಿಯ ಮದುವೆ. ನಮಗೆ ಸಿಕ್ಕಿದ ಸ್ಯಾಕ್ಸೋಫೋನಿನವರು ಲಂಡನ್ನಿಗೆ ಹೋಗುವ ಪೈಕಿ ಅಲ್ಲ, ಆದರೆ ಸ್ವರ ಚೊಕ್ಕ ಇತ್ತು. ಬೆಳಿಗ್ಗೆ ಆರರಿಂದ ಊದಿದ್ದರು ಪಾಪ. ಸರಿಯಾಗಿ ಮುಹೂರ್ತದ ಹೊತ್ತಿಗೆ ಭಾವ ಕರಿಮಣಿ ಹಿಡಿದು ಬಗ್ಗಿದ್ದಾರೆ, ಭಟ್ಟರು "ಓಲಗ, ಓಲಗ" ಅಂತ ಕೈ ಬೀಸುತ್ತಿದ್ದಾರೆ, ಡೋಲಿನ ಹುಡುಗ ಒಬ್ಬನೇ ಗಾಬರಿಯಲ್ಲಿ ಬಡಿಯುತ್ತಿದ್ದಾನೆ, ಇವರು ಮಾತ್ರ ಇಲ್ಲ. ದೊಡ್ಡಪ್ಪ ಪಂಚೆ ಎತ್ತಿಕೊಂಡು ಅಡುಗೆಯ ಕಡೆಗೆ ಓಡಿದರು. ಅಲ್ಲಿ ಸಿಕ್ಕಿದರಂತೆ, ಬಾಯಿ ತುಂಬ ಗೋಳಿಬಜೆ. ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಅವರು ಬಜೆಯನ್ನು ಒಂದು ಕೆನ್ನೆಗೆ ಸರಿಸಿ ಊದಿಯೇ ಬಿಟ್ಟರು, ನಾವೆಲ್ಲ ಅಕ್ಷತೆ ಹಾಕಿದೆವು. ಆದರೆ ಊದುವ ಮೊದಲೇ ಗಂಟು ಬಿದ್ದಿತ್ತೋ ಇಲ್ಲವೋ ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಏನು ಜಗಳವಾದರೂ ಭಾವ ಹೇಳುವುದು ಒಂದೇ ಮಾತು. "ಓಲಗವೇ ಊದಿರಲಿಲ್ಲ, ಇದು ಮದುವೆ ಅಂತ ನಾನು ಒಪ್ಪಿಲ್ಲ."

ಎಲ್ಲಿದ್ದೆ? ಹಾಂ, ಬ್ಯಾಂಡ್.

ಆ ಒಪ್ಪದ ಮದುವೆಯ ಮಗಳೇ ಈಗ ವೇದಿಕೆಯ ಹಿಂದೆ ವೈರು ಎಳೆಯುತ್ತಾ ಓಡಾಡುತ್ತಿದ್ದಳು. ಕರೆದವರು ತಾವೇ ಮೊದಲು ಹಾಡಿದರೆ ಚೆನ್ನಾಗಿರುವುದಿಲ್ಲ ಅಂತ ತನ್ನ ಬ್ಯಾಂಡನ್ನು ಕೊನೆಗೆ ಇಟ್ಟಿದ್ದಳು. ಸಣಕಲು ಹುಡುಗ ಅದರಲ್ಲೂ ಇದ್ದ. ಅವರು ಹತ್ತಿದಾಗ ಒಂಬತ್ತು ಐವತ್ತು. ರಾತ್ರಿ 10ರ ಮೇಲೆ ಮೈಕ್ ಇಲ್ಲ, 2000ನೇ ಇಸವಿಯ ನಿಯಮ. ಬೆಳಗಿನವರೆಗೆ ಕುಣಿಯುತ್ತಿದ್ದ ಎಷ್ಟೋ ಯಕ್ಷಗಾನ ಮೇಳಗಳೇ ಕಾಲಮಿತಿಗೆ ಬಂದಿರುವಾಗ ಇವರದ್ದು ಯಾವ ಲೆಕ್ಕ? ಒಂದು ಹಾಡು ಪೂರ್ತಿ, ತುಳುವಿನದ್ದು. ಇನ್ನೊಂದು ಅರ್ಧ. ಸ್ಯಾಕ್ಸೋಫೋನ್ ಮೇಲೇರುತ್ತಿದ್ದಾಗಲೇ ಕರೆಂಟ್ ತೆಗೆದರು. ಸಂಜೆ ಆ "ಚೆಕ್ ಚೆಕ್" ನುಂಗಿದ್ದು ಒಂದೂಮುಕ್ಕಾಲು ಗಂಟೆ! ಅದನ್ನು ಯಾರ ಹತ್ತಿರ ಕೇಳುವುದು?

ಆ ಅರ್ಧ ಹಾಡು ಮಾತ್ರ ಚೆನ್ನಾಗಿತ್ತು. ಇಡೀ ಸಂಜೆಯಲ್ಲಿ ನಾನು ಕೈ ಬಿಚ್ಚಿದ್ದು ಅದಕ್ಕೇ.

ವಾಪಸ್ಸು ಬರುವಾಗ ಅವಳು ಸ್ಕೂಟರಿನ ಹಿಂದೆ ಮಾತಿಲ್ಲದೆ ಕುಳಿತಿದ್ದಳು. ಬೆಂದೂರ್‌ವೆಲ್ ದಾಟಿದ ಮೇಲೆ ಸಣ್ಣ ಸ್ವರದಲ್ಲಿ ಕೇಳಿದಳು, "ಹೇಗಾಯಿತು ಮಾಮ?"

"ಸಿಕ್ಕಾಪಟ್ಟೆ ಹಸಿವಾಯಿತು" ಅಂದೆ.

ಮನೆ ಮುಟ್ಟುವವರೆಗೂ ಮತ್ತೆ ಮಾತಾಡಲಿಲ್ಲ.