ಅಳುವುದು ಕೂಸು, ಪಥ್ಯ ಬಾಣಂತಿಗೆ

ಒಂದೂವರೆ ತಿಂಗಳ ಕೂಸು ಸಂಜೆಯ ಹೊತ್ತಿಗೆ ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿದರೆ ನಮ್ಮ ಮನೆಗಳಲ್ಲಿ ಮೊದಲು ತನಿಖೆಗೊಳಗಾಗುವುದು ಬಾಣಂತಿಯ ಮಧ್ಯಾಹ್ನದ ತಟ್ಟೆ. “ಏನಮ್ಮಾ ತಿಂದೆ?” ಎಂದಾಗ ಆಕೆ ಸತ್ಯ ಹೇಳಿದಳೋ, ಕೆಟ್ಟಳು. ಹುಳಿಯಲ್ಲಿ ಎರಡು ಹೋಳು ಆಲೂಗಡ್ಡೆ ಇತ್ತೆಂದು ತಿಳಿದೊಡನೆ ಅತ್ತೆಗೂ ತಾಯಿಗೂ ಅಪರೂಪದ ಒಮ್ಮತ ಮೂಡುತ್ತದೆ: ವಾಯು! ಅಂದಿನಿಂದ ಆಲೂಗಡ್ಡೆ, ಬದನೆ, ಕುಂಬಳ, ಅವರೆಕಾಳು, ಕಡಲೆಬೇಳೆಗಳಿಗೆ ಗಡೀಪಾರು.

ಈ ವಾಯು ತಾಯಿಯ ಕರುಳಿನಿಂದ ಎದೆಗೆ ಯಾವ ದಾರಿಯಲ್ಲಿ ಏರುತ್ತದೆಂದು ಕೇಳುವುದು ಉದ್ಧಟತನ. ಎದೆಹಾಲು ರಕ್ತದಲ್ಲಿರುವ ಪೋಷಕಾಂಶಗಳಿಂದ ತಯಾರಾಗುತ್ತದೆಯೆಂದೂ, ಕಾಳಿನ ನಾರಿನಿಂದ ಹುಟ್ಟಿದ ಗಾಳಿ ಕರುಳಿನಿಂದ (ಸಭ್ಯವಾಗಿ ಹೇಳುವುದಾದರೆ) ತನ್ನದೇ ದಾರಿಯಲ್ಲಿ ಹೊರಟುಹೋಗುತ್ತದೆಂದೂ ವೈದ್ಯರು ಹೇಳಬಹುದು. ಆದರೆ ವೈದ್ಯರು ಬಾಣಂತನ ಮಾಡಿದ್ದಾರೆಯೇ?

ಬೆಳ್ಳುಳ್ಳಿಯ ಅದೃಷ್ಟವಂತೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಮ್ಮಲ್ಲಿ ಅದು ಹಾಲು ಹೆಚ್ಚಿಸುವ ಔಷಧ, ಅಮೆರಿಕದ ಅನೇಕ ಅಜ್ಜಿಯರಿಗೆ ಕೂಸಿನ ವೈರಿ. ಅಲ್ಲಿಯ ಸಂಶೋಧಕರು 1991ರಲ್ಲಿ ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದರೆ, ಹಾಲಿಗೆ ಅದರ ವಾಸನೆ ಬಂದು, ಕೂಸುಗಳು ಇನ್ನಷ್ಟು ಹೊತ್ತು ಎದೆಗೆ ಅಂಟಿಕೊಂಡವು.

ಇಷ್ಟರ ನಡುವೆ ನಿಜವಾದ ಶಂಕಿತ ದಿನಕ್ಕೆರಡು ಬಾರಿ ಬೆಳ್ಳಿ ಲೋಟದಲ್ಲಿ ರಾಜಮರ್ಯಾದೆಯಿಂದ ಕೋಣೆಗೆ ಬರುತ್ತಾನೆ. ತಾಯಿಯ ಆಹಾರದಿಂದ ಕೂಸಿಗೆ ತೊಂದರೆಯಾಗುವ ಕೆಲವೇ ಪ್ರಕರಣಗಳಲ್ಲಿ ವೈದ್ಯರು ಮೊದಲು ಅನುಮಾನಿಸುವುದು ಹಸುವಿನ ಹಾಲಿನ ಪ್ರೋಟೀನನ್ನು. ಮಲದಲ್ಲಿ ರಕ್ತ, ಮೈಮೇಲೆ ಇಸಬು, ಬಿಡದ ವಾಂತಿಯಂಥ ಲಕ್ಷಣಗಳಿದ್ದರೆ ತಾಯಿಗೆ ಅದನ್ನು ಎರಡರಿಂದ ನಾಲ್ಕು ವಾರ ನಿಲ್ಲಿಸಿ ನೋಡುತ್ತಾರೆ. ನಮ್ಮ ಪಥ್ಯದ ಪಟ್ಟಿಯಲ್ಲಿ ಹಾಲಿನ ಹೆಸರೆತ್ತಿದವರುಂಟೇ? “ಹಾಲು ಕುಡಿದರೆ ತಾನೇ ಹಾಲು ಬರುವುದು!”

ತಾಯಿಗೆ ಅವರೆಕಾಳು ನಿಷೇಧಿಸಿದ ಕೈಯೇ ಕೂಸಿನ ಬಾಯಿಗೆ ನೇರವಾಗಿ ಬಜೆ ತೇಯ್ದು ಹಾಕುತ್ತದೆ. ಸಾಲದ್ದಕ್ಕೆ ಗ್ರೈಪ್ ವಾಟರ್. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ದ್ರವ ಬಹುಕಾಲ ಮದ್ಯಸಾರ ಬೆರೆಸಿಕೊಂಡೇ ಮಾರಾಟವಾಯಿತು. ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡವೆಂಬ ಸಲಹೆ ಆಸ್ಪತ್ರೆಯ ಗೋಡೆಯ ಮೇಲೆಯೇ ಉಳಿಯಿತು. ಮೊದಲ ಆರು ತಿಂಗಳು ನಿತ್ಯ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕಾದವಳು ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯಗಳಲ್ಲಿ ದಿನ ದೂಡುತ್ತಾಳೆ.

ಆರನೇ ವಾರದ ಹೊತ್ತಿಗೆ ತಾರಕಕ್ಕೇರುವ ಈ ಅಳು, ಮೂರು-ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆ ವಾರ ನಿಷೇಧಕ್ಕೊಳಗಾದದ್ದು ಸೀಮೆಬದನೆಯಾದರೆ ಅದರ ಅಪರಾಧ ಅಲ್ಲಿಗೆ ಸಾಬೀತಾಗುತ್ತದೆ. ನಾದಿನಿಯ ಬಾಣಂತನದಲ್ಲಿ ಅದನ್ನು ಮೊದಲ ದಿನದಿಂದಲೇ ನಿಲ್ಲಿಸಲಾಗುತ್ತದೆ.