ಬಾಂಬೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಢಂ

ಉತ್ತರ ಕೊರಿಯಾದ ದೊರೆ ಕಿಮ್ ಜಾಂಗ್ ಉನ್ ಅವರ ತಂಗಿ ಕಿಮ್ ಯೋ ಜಾಂಗ್ ಮೇಡಂ ಬಾಯಿಬಿಟ್ಟರೆ ಸಾಕು, ಸಿಯೋಲ್‌ನ ಏಕೀಕರಣ ಸಚಿವಾಲಯಕ್ಕೆ ಹಬ್ಬ. ಬೈದರೂ ಪರವಾಗಿಲ್ಲ, ಮಾತಾಡಿದರಲ್ಲ! 2025ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದವರು ಗಡಿಯಲ್ಲಿ ನಿಲ್ಲಿಸಿದ್ದ ಮೈಕ್‌ಸೆಟ್‌ಗಳನ್ನೆಲ್ಲ ಬಿಚ್ಚಿದರು. ಉತ್ತರದವರೂ ಬಿಚ್ಚುತ್ತಿರುವ ಹಾಗೆ ಕಾಣುತ್ತಿದೆ ಎಂದು ದಕ್ಷಿಣದ ಸೇನೆ ಸಂಭ್ರಮದಿಂದ ಪ್ರಕಟಣೆ ಹೊರಡಿಸಿತು. ಹೊಸ ಅಧ್ಯಕ್ಷ ಲೀ ಜೇ ಮ್ಯುಂಗ್ ಅವರಿಗೂ ಆಸೆ ಚಿಗುರಿತು. ವಾರ ತುಂಬುವ ಮೊದಲೇ ಮೇಡಂ ಹೇಳಿಕೆ ಬಂತು: ನಾವು ಬಿಚ್ಚಿಯೂ ಇಲ್ಲ, ಬಿಚ್ಚುವ ಮನಸ್ಸೂ ನಮಗಿಲ್ಲ.

ಅಲ್ಲಿಗೆ ಶಾಂತಿ ಪ್ರಕ್ರಿಯೆಯ ಆ ವಾರದ ಕಂತು ಮುಗಿಯಿತು.

ಈ ಮೈಕ್‌ಸೆಟ್ಟಿನ ಪುರಾಣ ನಿಮಗೆ ಗೊತ್ತೇ ಇದೆ. 2024ರಲ್ಲಿ ದಕ್ಷಿಣದ ಕೆಲವು ಸಂಘಟನೆಗಳು ಬಲೂನಿಗೆ ಕರಪತ್ರ, ಡಾಲರ್ ನೋಟು, ಹಾಡು ತುಂಬಿದ ಪೆನ್‌ಡ್ರೈವ್ ಕಟ್ಟಿ ಉತ್ತರಕ್ಕೆ ತೇಲಿಬಿಟ್ಟವು. ಉತ್ತರದವರು ಅದಕ್ಕೆ ಉತ್ತರವಾಗಿ ಸಿಗರೇಟು ತುಂಡು, ಚಿಂದಿ ಬಟ್ಟೆ, ಗೊಬ್ಬರ ತುಂಬಿದ ಬಲೂನು ಕಳಿಸಿದರು. ಒಂದು ಬಲೂನಿನ ಕಸ ಸೀದಾ ಅಧ್ಯಕ್ಷರ ಕಚೇರಿಯ ಆವರಣದಲ್ಲೇ ಬಿತ್ತು. ಏಕೀಕರಣ ಸಚಿವಾಲಯ ಇಂಥ ಕಸವನ್ನು ಬಿಟ್ಟೀತೇ? ಪರೀಕ್ಷೆಗೆ ಕಳಿಸಿ, ಜಂತುಹುಳು ಸಿಕ್ಕಿದೆ ಎಂದು ವರದಿ ಕೊಟ್ಟಿತು. ಅಷ್ಟು ವರ್ಷಗಳಲ್ಲಿ ಉತ್ತರ ಕೊರಿಯಾ ಯಾವ ತಪಾಸಣೆಯ ಷರತ್ತೂ ಹಾಕದೆ ಒಪ್ಪಿಸಿದ ಏಕೈಕ ಸಾಮಗ್ರಿ ಅದು. ಆಮೇಲೆ ದಕ್ಷಿಣದವರು ಮೈಕಿನಲ್ಲಿ ಬಿಟಿಎಸ್ ಹಾಡು ಹಾಕಿದರು, ಉತ್ತರದವರು ತೋಳದ ಊಳು, ಜಾಗಟೆ, ಕಬ್ಬಿಣ ಉಜ್ಜುವ ಸದ್ದು ಹಾಕಿದರು. ಗಾಂಗ್‌ಹ್ವಾ ದ್ವೀಪದ ರೈತರು ತಿಂಗಳುಗಟ್ಟಲೆ ನಿದ್ದೆಗೆಟ್ಟರು. ಎರಡು ದೇಶಗಳ ನಡುವೆ ಆಗ ಹಗಲೂ ರಾತ್ರಿ ನಡೆದಿದ್ದ ಸಂವಾದ ಅದೊಂದೇ.

ಯಾಕೆಂದರೆ ಫೋನು ಎತ್ತುವವರಿಲ್ಲ. 2023ರ ಏಪ್ರಿಲ್ 7ರಿಂದ ಉತ್ತರದವರು ಹಾಟ್‌ಲೈನ್ ಎತ್ತುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಕರೆ, ಸಂಜೆ ಐದಕ್ಕೆ ಇನ್ನೊಂದು ಎಂಬುದು ನಿಯಮ. ದಕ್ಷಿಣದ ಅಧಿಕಾರಿ ಕೋಟು ಹಾಕಿಕೊಂಡು ಕೂತು ನಂಬರು ತಿರುಗಿಸುತ್ತಾರೆ, ಆ ಕಡೆ ಮೌನ. ಅಷ್ಟೇ ಅವರ ಡ್ಯೂಟಿ. ಇದಕ್ಕೂ ಮೊದಲು ಗಡಿಯ ಮೇಲಿನ ಪಾನ್‌ಮುನ್‌ಜೋಮ್‌ನಲ್ಲಿ ವಿಶ್ವಸಂಸ್ಥೆಯ ಕಮಾಂಡಿನವರು ಇಂಥದೇ ಫಜೀತಿಗೆ ಸಿಕ್ಕಿದ್ದರು. 2013ರಿಂದ 2018ರವರೆಗೆ ಫೋನಿಗೆ ಉತ್ತರವಿಲ್ಲದೆ ಗಡಿಗೆರೆಯ ಹತ್ತಿರ ಹೋಗಿ ಮೆಗಾಫೋನಿನಲ್ಲಿ ಕೂಗಿ ಹೇಳಬೇಕಿತ್ತು. ಖಂಡಾಂತರ ಕ್ಷಿಪಣಿ ಹಾರಿಸುವ ಸರ್ಕಾರಕ್ಕೆ ಕೆಲವೇ ಹೆಜ್ಜೆ ದೂರದಿಂದ ಕಿರುಚಿ ಸುದ್ದಿ ಮುಟ್ಟಿಸುವ ಈ ವಿಧಾನವನ್ನು ರಾಜತಂತ್ರದ ಪಠ್ಯಪುಸ್ತಕಗಳಿಗೆ ಸೇರಿಸಬೇಕು.

ಅಲ್ಲಿನ ಹವೆಯೇ ಅಂಥದ್ದು. ದಕ್ಷಿಣದವರು ಗಡಿಯ ಹಳ್ಳಿಯಲ್ಲಿ ಸುಮಾರು 100 ಮೀಟರಿನ ಧ್ವಜಸ್ತಂಭ ನಿಲ್ಲಿಸಿದರು, ಉತ್ತರದವರು ಎದುರಿಗೆ 160 ಮೀಟರಿನದನ್ನು ಎಬ್ಬಿಸಿದರು. ಅದರ ಕೆಳಗಿನ ಹಳ್ಳಿಯಲ್ಲಿ ಜನ ಇದ್ದಾರೋ ಬರೀ ಗೋಡೆ ಇದೆಯೋ ಎಂಬ ಜಿಜ್ಞಾಸೆ ಬೇರೆ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಈ ಹವೆಯನ್ನು 1953ರಲ್ಲೇ ಕುಡಿದು ಬಂದವರು. ಯುದ್ಧ ನಿಂತಾಗ ಸ್ವದೇಶಕ್ಕೆ ಹೋಗಲೊಲ್ಲೆವು ಎಂದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹಣೆಬರಹ ನೋಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತ ಎಂದರೆ ಆಗದು. ಭಾರತೀಯ ಸೈನಿಕರು ತಮ್ಮ ನೆಲಕ್ಕೆ ಕಾಲಿಡಕೂಡದು ಎಂದು ಹಟ ಹಿಡಿದರು. ಸಾವಿರಾರು ಜವಾನರನ್ನು ಹಡಗಿನಿಂದ ಹೆಲಿಕಾಪ್ಟರಿಗೆ ಹತ್ತಿಸಿ, ದಕ್ಷಿಣದ ಮಣ್ಣು ಬೂಟಿಗೆ ಅಂಟದ ಹಾಗೆ ಆಕಾಶಮಾರ್ಗವಾಗಿ ಗಡಿ ವಲಯದಲ್ಲಿ ಇಳಿಸಬೇಕಾಯಿತು. ಮಡಿ ಎಂದರೆ ಅದು. ಕೊನೆಗೆ ಎಂಬತ್ತಕ್ಕೂ ಹೆಚ್ಚು ಕೈದಿಗಳು ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದು ನಮ್ಮವರ ಜೊತೆ ಭಾರತಕ್ಕೇ ಹಡಗು ಹತ್ತಿದರು. ಕೊರಿಯಾ ಸಮಸ್ಯೆಯನ್ನು ಅವರಷ್ಟು ಬೇಗ ಅರ್ಥ ಮಾಡಿಕೊಂಡವರು ಮತ್ತೊಬ್ಬರಿಲ್ಲ.

2018 ಮಾತ್ರ ಸುವರ್ಣಯುಗ. ಏಪ್ರಿಲ್ 27ರಂದು ಕಿಮ್ ಜಾಂಗ್ ಉನ್ ಮತ್ತು ದಕ್ಷಿಣದ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಕೈಹಿಡಿದುಕೊಂಡು ಗಡಿಯ ಕಾಂಕ್ರೀಟ್ ಪಟ್ಟಿಯನ್ನು ಆ ಕಡೆ ಈ ಕಡೆ ದಾಟಿದ್ದನ್ನು ನೋಡಿ ಕಣ್ಣೀರು ಹಾಕಿದವರಲ್ಲಿ ನಾನೂ ಒಬ್ಬ. ಮಾತುಕತೆಯ ಮೇಜಿನ ಅಗಲ ಸರಿಯಾಗಿ 2018 ಮಿಲಿಮೀಟರ್. ಬಡಗಿಯ ಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ನೆಟ್ಟ ಪೈನ್ ಗಿಡಕ್ಕೆ ಎರಡೂ ದೇಶದ ಬೆಟ್ಟಗಳ ಮಣ್ಣು, ಎರಡೂ ದೇಶದ ನದಿಗಳ ನೀರು. ಊಟದ ಕೊನೆಗೆ ಬಂದ ಮಾವಿನ ಸಿಹಿಯ ಮೇಲೆ ಅಖಂಡ ಕೊರಿಯಾದ ನಕ್ಷೆ ಬಿಡಿಸಿ, ಜಪಾನ್ ತನ್ನದೆನ್ನುವ ದ್ವೀಪವನ್ನೂ ಅದರಲ್ಲಿ ಸೇರಿಸಿದ್ದರು. ಜಪಾನಿನವರು ಮಾವಿನ ಸಿಹಿಯ ವಿರುದ್ಧ ಅಧಿಕೃತ ಪ್ರತಿಭಟನೆ ಸಲ್ಲಿಸಿದರು. ಆ ಶೃಂಗಸಭೆಯ ಅತಿ ದೃಢವಾದ ಫಲ ಎಂದರೆ ಅರ್ಧ ಗಂಟೆ. 2015ರಲ್ಲಿ ಉತ್ತರದವರು ತಮ್ಮ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದ್ದರು. 2018ರ ಮೇ 5ರಂದು ಮುಂದಕ್ಕೆ ತಿರುಗಿಸಿದರು. ಇವತ್ತಿಗೂ ಊರ್ಜಿತದಲ್ಲಿರುವ ಸಾಧನೆ ಅದು, ಯಾರೂ ಕಡೆಗಣಿಸಬೇಡಿ.

ಮುಂದಿನದ್ದು ಸಿಂಗಾಪುರ. ಜೂನ್ 12. ಸಭೆ ನಡೆಯುವ ಮೊದಲೇ ಅಮೆರಿಕದವರು ಸ್ಮರಣಿಕೆಯ ನಾಣ್ಯ ಟಂಕಿಸಿಬಿಟ್ಟಿದ್ದರು. ನಡುವೆ ಟ್ರಂಪ್ ಸಭೆಯನ್ನೇ ರದ್ದು ಮಾಡಿದಾಗ ನಾಣ್ಯ ಅಗ್ಗದ ದರಕ್ಕೆ ಬಂತು. ಆಮೇಲೆ ಸಭೆ ನಡೆಯಿತು, ಅಣ್ವಸ್ತ್ರ ನಿಶ್ಶಸ್ತ್ರೀಕರಣದ ಬಗ್ಗೆ ಒಂದು ಹೇಳಿಕೆಗೆ ಸಹಿಯೂ ಆಯಿತು. ಟ್ರಂಪ್ ಸಾಹೇಬರ ಗಮನವೆಲ್ಲ ಉತ್ತರ ಕೊರಿಯಾದ ಸಮುದ್ರತೀರದ ಮೇಲೆ. ಎಂಥ ಚೆಂದದ ಬೀಚು, ಅಲ್ಲಿ ಜಗತ್ತಿನ ಅತ್ಯುತ್ತಮ ಹೋಟೆಲು ಕಟ್ಟಬಹುದಲ್ಲ ಎಂದರು. ಕಿಮ್ ಆ ಮಾತನ್ನು ಪಾಲಿಸಿದ್ದಾರೆ. 2025ರಲ್ಲಿ ವೋನ್ಸಾನ್ ಕರಾವಳಿಯಲ್ಲಿ 20 ಸಾವಿರ ಜನ ತಂಗುವ ರೆಸಾರ್ಟು ಉದ್ಘಾಟನೆಯಾಯಿತು. 2019ರಲ್ಲಿ ಟ್ರಂಪ್ ಜೊತೆಗಿನ ಎರಡನೇ ಸಭೆಗೆಂದು ವಿಯೆಟ್ನಾಮಿನ ಹನೋಯ್‌ಗೆ ಕಿಮ್ ಎರಡೂವರೆ ದಿನ ರೈಲಿನಲ್ಲಿ ಕೂತು ಬಂದರು, ಮಾತು ಮುರಿಯಿತು, ಬಡಿಸಿಟ್ಟ ಮಧ್ಯಾಹ್ನದ ಊಟವನ್ನೂ ಮುಟ್ಟದೆ ವಾಪಸಾದರು. ಹಾಗಿದ್ದರೂ ಟ್ರಂಪ್ ಮೇಲೆ ಅವರಿಗೆ ಈಗಲೂ ಸಿಹಿ ನೆನಪಿದೆಯಂತೆ, 2025ರ ಸೆಪ್ಟೆಂಬರ್‌ನಲ್ಲಿ ತಾವೇ ಹೇಳಿಕೊಂಡಿದ್ದಾರೆ. ಬಾಂಬಿನ ಮಾತು ಬಿಟ್ಟು ಬನ್ನಿ, ಕೂರೋಣ ಎಂಬ ಕರೆಯೋಲೆ ಜೊತೆಗೆ. ದಕ್ಷಿಣದವರ ಜೊತೆ ಮಾತ್ರ ಯಾವ ಕಾರಣಕ್ಕೂ ಕೂರುವುದಿಲ್ಲವಂತೆ.

ಇದೆಲ್ಲದರ ನಡುವೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಎರಡು ನಾಯಿಗಳ ಕಡೆಗೆ. 2018ರ ಸೆಪ್ಟೆಂಬರ್‌ನಲ್ಲಿ ಕಿಮ್ ಅವರು ಮೂನ್ ಅವರಿಗೆ ಪುಂಗ್ಸಾನ್ ತಳಿಯ ಜೋಡಿ ಕೊಟ್ಟರು, ಗೋಮಿ ಮತ್ತು ಸೋಂಗಾಂಗ್. ಜೊತೆಗೆ ಎರಡು ಟನ್ ಅಣಬೆ. ಮೂನ್ ಅವರು ಪ್ರತಿಯಾಗಿ ಜೇಜು ದ್ವೀಪದ 200 ಟನ್ ಕಿತ್ತಳೆಯನ್ನು ಸೇನಾ ವಿಮಾನಗಳಲ್ಲಿ ಕಳಿಸಿದರು. ಪೆಟ್ಟಿಗೆಯಲ್ಲಿ ಬರೀ ಕಿತ್ತಳೆಯೇ ಇದೆ ಎಂದು ನಂಬುವವರುಂಟೇ ಎಂದು ವಿರೋಧಿಗಳು ಮೂಗು ಮುರಿದರು. ಅದೇ ನವೆಂಬರ್‌ನಲ್ಲಿ ಗೋಮಿ ಆರು ಮರಿ ಹಾಕಿತು. ಉತ್ತರ ದಕ್ಷಿಣ ಸಹಕಾರದಲ್ಲಿ ಗುರಿ ಮೀರಿ ಉತ್ಪಾದನೆ ನಡೆದ ವಿಭಾಗ ಅದೊಂದೇ.

2022ರಲ್ಲಿ ಮೂನ್ ಅಧಿಕಾರ ಬಿಟ್ಟರು. ಅಧ್ಯಕ್ಷರಿಗೆ ಬಂದ ಉಡುಗೊರೆ ಸರ್ಕಾರದ ಸ್ವತ್ತು, ಅದು ದಾಖಲೆಗಳ ಪತ್ರಾಗಾರಕ್ಕೆ ಸೇರಬೇಕು. ಪತ್ರಾಗಾರದ ಕಪಾಟಿನಲ್ಲಿ ನಾಯಿ ಇಡುವುದು ಹೇಗೆ? ಮೂನ್ ಅವರೇ ಮನೆಗೆ ಕರೆದುಕೊಂಡು ಹೋಗಿ ಸಾಕಲಿ, ಸರ್ಕಾರ ತಿಂಗಳಿಗೆ ಸುಮಾರು 25 ಲಕ್ಷ ವಾನ್ ಕೊಡಲಿ ಎಂಬ ಪ್ರಸ್ತಾಪ ಹೊರಟಿತು. ಕಡತ ಹೊಸ ಅಧ್ಯಕ್ಷ ಯೂನ್ ಅವರ ಸರ್ಕಾರದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ನೀವು ತಡೆದಿರಿ ಎಂದು ಮೂನ್ ಪಾಳಯ, ಅನ್ನ ಹಾಕಲಾಗದೆ ಬಿಟ್ಟಿರಿ ಎಂದು ಯೂನ್ ಪಾಳಯ. ಹಾಲಿ ಮತ್ತು ಮಾಜಿ ಅಧ್ಯಕ್ಷರ ಕಡೆಯವರು ಎರಡು ನಾಯಿಗಳ ಊಟದ ಖರ್ಚಿಗಾಗಿ ದೇಶದ ಎದುರು ಕಿತ್ತಾಡಿದರು. ಕೊನೆಗೆ ಶಾಂತಿಯ ಸಂಕೇತಗಳೆರಡೂ ಗ್ವಾಂಗ್ಜು ನಗರದ ಮೃಗಾಲಯಕ್ಕೆ ಹೋದವು. 2000ದಲ್ಲಿ ಈಗಿನ ಕಿಮ್ ಅವರ ತಂದೆ ಕೊಟ್ಟಿದ್ದ ಜೋಡಿಯೂ ಸಿಯೋಲ್‌ನ ಮೃಗಾಲಯದಲ್ಲೇ ಮುದಿಯಾಗಿ ಸತ್ತಿತ್ತು. ಪರಂಪರೆ ಎನ್ನುವುದು ಸುಮ್ಮನೆ ಬರುವುದಿಲ್ಲ.

ನಾಯಿಗಿಂತ ಮೊದಲು ಹಸುಗಳೂ ಹೋಗಿದ್ದವು. ಹ್ಯುಂಡೈ ಕಟ್ಟಿದ ಚುಂಗ್ ಜು-ಯಂಗ್ ಹುಟ್ಟಿದ್ದು ಈಗ ಉತ್ತರದಲ್ಲಿರುವ ಹಳ್ಳಿಯಲ್ಲಿ. ಹುಡುಗನಾಗಿದ್ದಾಗ ಅಪ್ಪ ಹಸು ಮಾರಿ ತಂದ ದುಡ್ಡನ್ನು ಕದ್ದು ಸಿಯೋಲ್‌ಗೆ ಓಡಿ ಬಂದವರು. 1998ರಲ್ಲಿ, ಎಂಬತ್ತು ದಾಟಿದ ಮೇಲೆ, ಸಾಲ ತೀರಿಸಲೆಂದು ಎರಡು ಕಂತಿನಲ್ಲಿ 1001 ದನಗಳನ್ನು ಲಾರಿಗಳಲ್ಲಿ ಹೊಡೆದುಕೊಂಡು ಗಡಿ ದಾಟಿದರು. ಅಸಲು ಒಂದು, ಬಡ್ಡಿ ಸಾವಿರ. ಕೆಲವು ದನ ಸತ್ತಾಗ, ಹೊಟ್ಟೆಯಲ್ಲಿ ಹಗ್ಗವೂ ಪ್ಲಾಸ್ಟಿಕ್ಕೂ ಸಿಕ್ಕಿದೆ, ದಕ್ಷಿಣದ ಗೂಢಚಾರರೇ ತಿನ್ನಿಸಿ ಕಳಿಸಿದ್ದಾರೆ ಎಂದು ಉತ್ತರದವರು ದೂರಿದರು. ನಮ್ಮ ಬೆಂಗಳೂರಿನ ಹಸುವಾಗಿದ್ದರೆ ಗೂಢಚಾರರ ಸಹಾಯ ಬೇಕಿರಲಿಲ್ಲ. ಆದರೂ ಈ ಇಡೀ ಕತೆಯಲ್ಲಿ ನನಗೆ ನಿಜ ಅನ್ನಿಸುವ ಮನುಷ್ಯ ಆ ಮುದುಕರೊಬ್ಬರೇ.

ಇನ್ನು ನಿಶ್ಶಸ್ತ್ರೀಕರಣ. ಅದು ನಡೆದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉತ್ತರ ಕೊರಿಯಾದಷ್ಟು ಶ್ರದ್ಧೆಯಿಂದ ಕೆಡವಿದ ದೇಶ ಇನ್ನೊಂದಿಲ್ಲ. 2008ರ ಜೂನ್ 27ರಂದು ಟಿವಿಯವರನ್ನು ಕರೆಸಿ ಯೋಂಗ್‌ಬ್ಯೋನ್ ಅಣುಸ್ಥಾವರದ ಶೀತಲ ಗೋಪುರವನ್ನು ಉಡಾಯಿಸಿದರು. ಕೆಡವುವ ಕೂಲಿ ಸುಮಾರು 25 ಲಕ್ಷ ಡಾಲರನ್ನು ಅಮೆರಿಕ ಕೊಟ್ಟಿತು. ಐದು ವರ್ಷದಲ್ಲಿ ರಿಯಾಕ್ಟರನ್ನು ಹೊಳೆಯ ನೀರಿನಿಂದ ತಂಪುಮಾಡಿ ಮತ್ತೆ ಶುರು ಹಚ್ಚಿದರು. 2018ರ ಮೇ 24ರಂದು ಪುಂಗ್ಯೇ-ರಿಯ ಪರೀಕ್ಷಾ ಸುರಂಗಗಳು ಢಂ. ಪತ್ರಕರ್ತರಿಗೆ ಆಹ್ವಾನ, ಅಣುತಜ್ಞರಿಗೆ ಪ್ರವೇಶವಿಲ್ಲ. 2022ರಲ್ಲಿ ಒಂದು ಸುರಂಗವನ್ನು ಮತ್ತೆ ತೆರೆದರು. 2020ರ ಜೂನ್ 16ರಂದು ಕೇಸಾಂಗ್‌ನಲ್ಲಿ ದಕ್ಷಿಣದವರ ದುಡ್ಡಿನ ಸಂಪರ್ಕ ಕಚೇರಿ ಢಂ. 2024ರ ಅಕ್ಟೋಬರ್ 15ರಂದು ದಕ್ಷಿಣದವರ ಸಾಲದಲ್ಲಿ ಕಟ್ಟಿದ್ದ ರಸ್ತೆಗಳೂ ಢಂ. ಪ್ಯೊಂಗ್ಯಾಂಗ್‌ನ ಏಕೀಕರಣದ ಮಹಾದ್ವಾರವೂ ನೆಲಸಮ.

ಹೀಗೆ ಬಾಂಬೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಒಡೆದು ಹಾಕಿಯಾಗಿದೆ. 1992ರಲ್ಲಿ ಎರಡೂ ಕೊರಿಯಾಗಳು ಅಣ್ವಸ್ತ್ರ ಇಟ್ಟುಕೊಳ್ಳುವುದಿಲ್ಲ, ಪರೀಕ್ಷಿಸುವುದಿಲ್ಲ ಎಂದು ಸಹಿ ಹಾಕಿದಾಗ ಉತ್ತರ ಒಂದೂ ಪರೀಕ್ಷೆ ಮಾಡಿರಲಿಲ್ಲ. ಆಮೇಲೆ ಜಿನೀವಾ ಒಪ್ಪಂದ, ಬೀಜಿಂಗಿನಲ್ಲಿ ಆರು ದೇಶಗಳ ಸಭೆ, ಇಷ್ಟು ಹೊತ್ತು ಹೇಳಿದ ಶೃಂಗಸಭೆಗಳು. 2006ರಿಂದ 2017ರೊಳಗೆ ಆರು ಪರೀಕ್ಷೆ. ಜಗತ್ತಿನ ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಲ್ಲಿ ಸುಮಾರು 50 ಸಿಡಿತಲೆ. ಅಣ್ವಸ್ತ್ರ ಬಿಡುವ ಮಾತೇ ಇಲ್ಲ ಎಂದು ಅವರು ಕಾನೂನು ಮಾಡಿ, ಸಂವಿಧಾನದಲ್ಲೂ ಬರೆದುಕೊಂಡರು. ಸಿಯೋಲ್‌ನಲ್ಲಿ ಈಗ ಹೊಸ ಯೋಜನೆ: ಮೊದಲು ತಡೆ, ಆಮೇಲೆ ಕಡಿತ, ಆಮೇಲೆ ನಿರ್ಮೂಲನೆ. ಮೂರು ಹಂತ. ಚೆನ್ನಾಗಿದೆ. ಫೋನೆತ್ತಿದರೆ ತಿಳಿಸಬಹುದು.

ಕೆಡವಿದ ಪಟ್ಟಿಯಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೆ. ಉತ್ತರದ ಕುಮ್‌ಗಾಂಗ್ ಬೆಟ್ಟದಲ್ಲಿ ಹನ್ನೆರಡು ಅಂತಸ್ತಿನ ಕಟ್ಟಡವಿತ್ತು. ಯುದ್ಧದಲ್ಲಿ ಬೇರೆಯಾದ ಕುಟುಂಬಗಳು ಬಂದು ಭೇಟಿಯಾಗಲೆಂದು ದಕ್ಷಿಣದವರು ಕಟ್ಟಿಸಿದ್ದು. ಅದನ್ನೂ ಕೆಡವುತ್ತಿದ್ದಾರೆಂದು 2025ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಇಲ್ಲಿ ನನಗೆ ನಗು ಬರುವುದಿಲ್ಲ. ದಕ್ಷಿಣದಲ್ಲಿ ಸುಮಾರು 1 ಲಕ್ಷ 34 ಸಾವಿರ ಮಂದಿ ಅಮ್ಮನನ್ನು, ತಮ್ಮನನ್ನು, ಹೆಂಡತಿಯನ್ನು ಒಮ್ಮೆ ನೋಡಬೇಕೆಂದು ಹೆಸರು ಬರೆಸಿದ್ದರು. ಮುಕ್ಕಾಲು ಪಾಲು ಎನ್ನುವಷ್ಟು ಜನ ಸತ್ತುಹೋದರು. ಭೇಟಿಗೆ ಆಯ್ಕೆಯಾಗುತ್ತಿದ್ದುದು ಕಂಪ್ಯೂಟರಿನ ಲಾಟರಿಯಲ್ಲಿ. ಗೆದ್ದವರಿಗೆ ಮೂರು ದಿನದಲ್ಲಿ ಒಟ್ಟು ಹನ್ನೆರಡು ಗಂಟೆಯಷ್ಟು ಹೊತ್ತು, ಅದೂ ಕಾವಲಿನಲ್ಲಿ, ಆಮೇಲೆ ಬಸ್ಸಿನ ಕಿಟಕಿಯಲ್ಲಿ ಕೈಬೀಸಿ ಬೀಳ್ಕೊಡುಗೆ. ಕೊನೆಯ ಭೇಟಿ ನಡೆದದ್ದು 2018ರ ಆಗಸ್ಟ್‌ನಲ್ಲಿ. ತೊಂಬತ್ತರ ಮುದುಕಿಗೆ ಒಂದು ಕಾಗದ ಬರೆಯಲು ಬಿಡುವುದಕ್ಕೆ ಯಾವ ಯುರೇನಿಯಂ ಲೆಕ್ಕ ಬೇಕು? ಯಾವ ತಪಾಸಣೆ, ಯಾವ ನಿರ್ಬಂಧ ತೆರವು? ಅಣ್ಣ ಇದ್ದಾನೋ ಸತ್ತನೋ ಎಂದು ತಿಳಿಸಲೂ ಆಗದವರು ಸಿಡಿತಲೆ ಎಣಿಸಲು ಹೊರಟಿದ್ದಾರೆ. ಒಬ್ಬರು ಮನುಷ್ಯರನ್ನು ಬೀಗ ಹಾಕಿ ಇಟ್ಟುಕೊಂಡರು, ಇನ್ನೊಬ್ಬರು ಚುನಾವಣೆ ಬಂದಾಗಲೆಲ್ಲ ಅವರ ಕಣ್ಣೀರನ್ನು ಟಿವಿಗೆ ತಂದರು. ಸಾಕಾಗಿದೆ.

ನಮ್ಮ ಕನ್ನಡ ಸುದ್ದಿವಾಹಿನಿಗಳಿಗೆ ಇದರಲ್ಲಿ ಆಸಕ್ತಿಯಿಲ್ಲ, ಕಿಮ್ ಕೇಶವಿನ್ಯಾಸದಲ್ಲಿದೆ. 2020ರ ಏಪ್ರಿಲ್‌ನಲ್ಲಿ ಹಿನ್ನೆಲೆ ಸಂಗೀತದ ಸಮೇತ ಆ ಮನುಷ್ಯನ ತಿಥಿಯನ್ನೇ ಮಾಡಿದ್ದರು. ಆತ ಮೇ ತಿಂಗಳ ಹೊಸ್ತಿಲಲ್ಲಿ ಗೊಬ್ಬರದ ಕಾರ್ಖಾನೆಯೊಂದರಲ್ಲಿ ಟೇಪು ಕತ್ತರಿಸುತ್ತಾ ನಗುತ್ತಿದ್ದ. ಯಾರೂ ಕ್ಷಮೆ ಕೇಳಲಿಲ್ಲ, ಕಾರ್ಯಕ್ರಮದ ಶೀರ್ಷಿಕೆ ಮಾತ್ರ ಬದಲಾಯಿತು.

ದಕ್ಷಿಣದ ಸರ್ಕಾರ ಸುಮ್ಮನೆ ಕೂತಿದೆ ಎಂದುಕೊಳ್ಳಬೇಡಿ. ಕೇಸಾಂಗ್ ಕಚೇರಿ ಉಡಾಯಿಸಿದ್ದಕ್ಕೆ 2023ರ ಜೂನ್‌ನಲ್ಲಿ, ಕಾಲಮಿತಿ ಮೀರಲು ಎರಡು ದಿನ ಇದ್ದಾಗ, ಸಿಯೋಲ್ ಜಿಲ್ಲಾ ನ್ಯಾಯಾಲಯದಲ್ಲಿ ಉತ್ತರ ಕೊರಿಯಾದ ಮೇಲೆ 4,470 ಕೋಟಿ ವಾನ್ ನಷ್ಟಪರಿಹಾರದ ದಾವೆ ಹೂಡಿದೆ. ಸಮನ್ಸ್ ಯಾವ ಅಂಚೆಯಲ್ಲಿ ಹೋಗುತ್ತದೆ ಎಂದು ಕೇಳಬೇಡಿ. ದಕ್ಷಿಣದ ಸಂವಿಧಾನದ 3ನೇ ವಿಧಿಯ ಪ್ರಕಾರ ಇಡೀ ಪರ್ಯಾಯ ದ್ವೀಪ ಅವರದೇ, ಅಂದರೆ ಪ್ರತಿವಾದಿ ದೇಶವೇ ಇಲ್ಲ, ಕಟ್ಟಡ ಬಿದ್ದದ್ದೂ ಸ್ವಂತ ನೆಲದಲ್ಲೇ. ಅಷ್ಟೇ ಅಲ್ಲ, ಉತ್ತರದ ಐದು ಪ್ರಾಂತ್ಯಗಳಿಗೆ ದಕ್ಷಿಣದ ಅಧ್ಯಕ್ಷರು ಇಂದಿಗೂ ಐವರು ಗವರ್ನರುಗಳನ್ನು ನೇಮಿಸುತ್ತಾರೆ. ಸಿಯೋಲ್‌ನಲ್ಲಿ ಕಚೇರಿ, ಉಪಸಚಿವರ ದರ್ಜೆ, ಅದಕ್ಕೆ ತಕ್ಕ ಸಂಬಳ. ಆಳುವ ಪ್ರಾಂತ್ಯಕ್ಕೆ ಹೋಗುವ ಹಾಗಿಲ್ಲ. ಪ್ರಾಂತ್ಯಗಳ ಗಡಿಯನ್ನೂ ಉತ್ತರದವರು ಎಂದೋ ಬದಲಿಸಿದ್ದಾರೆ.

ನಾಳೆ ದಾವೆ ಗೆದ್ದು ಡಿಕ್ರಿಯಾದರೆ ಜಪ್ತಿ ವಾರಂಟು ಹಿಡಿದು ಪ್ಯೊಂಗ್ಯಾಂಗ್‌ಗೆ ಹೋಗಲು ಅಮೀನರು ಬೇಕಾಗುತ್ತದೆ. ಈ ಐವರು ಹೇಗೂ ಖಾಲಿ ಇದ್ದಾರೆ.